ವಿಟಮಿನ್ ಡಿ ಮಾತ್ರೆಗೆ ಗರ್ಭಕೋಶದ ಗಡ್ಡೆ ಕರಗುವುದೇ?

(ದಾವಣಗೆರೆಯ 41 ವರ್ಷದ ಓದುಗರೊಬ್ಬರ ಪತ್ರದ ಸಾರ: ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ 4 ಸೆಂ.ಮೀ. ಗಾತ್ರದ ಫೈಬ್ರಾಯ್ಡ್ ಕಂಡಿದೆ. ರಕ್ತದಲ್ಲಿ ವಿಟಮಿನ್ ಡಿ 14 ಇದೆ. ವಾರಕ್ಕೊಂದರಂತೆ 8 ವಾರ ನುಂಗಲು ವೈದ್ಯರು ಬರೆದುಕೊಟ್ಟ 60,000 ಯೂನಿಟ್ ಮಾತ್ರೆಯನ್ನು ನಿಲ್ಲಿಸದೆ ಮುಂದುವರಿಸಿದರೆ ಗಡ್ಡೆ ಕರಗಿ ಆಪರೇಷನ್ ತಪ್ಪುತ್ತದೆ ಎಂದು ಅತ್ತಿಗೆ ಹೇಳುತ್ತಾರೆ. ಇದು ನಿಜವೇ?)

ನಿಮ್ಮ ಅತ್ತಿಗೆಯವರ ಮಾತು ಬರೀ ಗಾಳಿಮಾತಲ್ಲ, ಅದಕ್ಕೊಂದು ಮೂಲವಿದೆ. ಆದರೆ ಆ ಮೂಲದಲ್ಲಿ ಇರುವುದು ಬೇರೆ, ಬಾಯಿಂದ ಬಾಯಿಗೆ ಹರಿದು ನಿಮ್ಮ ಮನೆ ಸೇರುವ ಹೊತ್ತಿಗೆ ಅದು ಆಗಿರುವುದು ಬೇರೆ.

ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 35ರಿಂದ 49 ವರ್ಷದ ಸುಮಾರು ಒಂದು ಸಾವಿರ ಮಹಿಳೆಯರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ರಕ್ತದ ಪ್ರತಿ ಮಿಲಿಲೀಟರಿನಲ್ಲಿ 20 ನ್ಯಾನೊಗ್ರಾಂಗಿಂತ ಹೆಚ್ಚು ವಿಟಮಿನ್ ಡಿ ಇದ್ದವರಲ್ಲಿ ಫೈಬ್ರಾಯ್ಡ್ ಇರುವ ಸಂಭವವು ಕೊರತೆಯಿದ್ದವರಿಗಿಂತ ಶೇ. 32ರಷ್ಟು ಕಡಿಮೆ ಕಂಡಿತು. ಅಲ್ಲಿನ ಕಪ್ಪುವರ್ಣೀಯ ಮಹಿಳೆಯರಲ್ಲಿ ಹತ್ತರಲ್ಲಿ ಒಬ್ಬರಿಗೆ ಮಾತ್ರ ಈ ವಿಟಮಿನ್ ಸಾಕಷ್ಟಿತ್ತು; ಫೈಬ್ರಾಯ್ಡ್ ಹೆಚ್ಚಾಗಿ, ಅದೂ ಎಳೆಯ ವಯಸ್ಸಿನಲ್ಲೇ, ಕಾಣಿಸಿಕೊಳ್ಳುವುದೂ ಅವರಲ್ಲಿಯೇ. ಚರ್ಮದ ಬಣ್ಣ ಗಾಢವಾದಷ್ಟೂ ಬಿಸಿಲಿನಿಂದ ವಿಟಮಿನ್ ತಯಾರಾಗುವುದು ನಿಧಾನವೆಂಬುದನ್ನು ನೆನೆದರೆ, ಬಿಸಿಲಿಗೆ ಬರವಿಲ್ಲದ ನಮ್ಮ ನಾಡಿನಲ್ಲಿ ಮನೆ, ಕಚೇರಿಗಳೊಳಗೇ ಹಗಲು ಕಳೆಯುವ ಹೆಂಗಸರಲ್ಲಿ ಈ ಕೊರತೆ ಇಷ್ಟು ಸಾಮಾನ್ಯವಾಗಿರುವುದು ಅಚ್ಚರಿಯಲ್ಲ.

ಗಡ್ಡೆ ಕುಗ್ಗುವ ಮಾತು ಹುಟ್ಟಿದ್ದು ಇದಕ್ಕೂ ಮೊದಲು, 2012ರಲ್ಲಿ, ಇಲಿಗಳ ಮೇಲೆ ನಡೆದ ಪ್ರಯೋಗದಿಂದ. ಫೈಬ್ರಾಯ್ಡ್ ಗಟ್ಟಿಯಾಗಿರುವುದಕ್ಕೆ ಅದರ ಜೀವಕೋಶಗಳು ತಮ್ಮ ಸುತ್ತ ಸುರಿದುಕೊಳ್ಳುವ ಕೊಲಾಜೆನ್‌ನಂಥ ನಾರುಪದಾರ್ಥವೇ ಮುಖ್ಯ ಕಾರಣ. ವಿಟಮಿನ್ ಡಿ ಆ ಸುರಿತವನ್ನು ತಡೆಯುತ್ತದೆಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿತ್ತು. ಮೂರು ವಾರ ಔಷಧ ಪಡೆದ ಇಲಿಗಳ ಗಡ್ಡೆಗಳು ಪಡೆಯದವುಗಳ ಗಡ್ಡೆಗಳಿಗಿಂತ ಸರಾಸರಿ ಶೇ. 75ರಷ್ಟು ಚಿಕ್ಕದಾಗಿದ್ದವು. ಪತ್ರಿಕೆಗಳು (ನಮ್ಮಂಥವೂ ಸೇರಿ) ಇಲ್ಲಿಗೇ ನಿಲ್ಲಿಸಿಬಿಡುತ್ತವೆ. ಆ ಇಲಿಗಳಿಗೆ ಕೊಟ್ಟದ್ದು ಮೂತ್ರಪಿಂಡವು ಪರಿವರ್ತಿಸಿದ ಮೇಲೆ ಸಿಗುವ, ಹಾರ್ಮೋನಿನಂತೆ ಕೆಲಸ ಮಾಡುವ ರೂಪ. ನಿಮ್ಮ ಮಾತ್ರೆಯಲ್ಲಿರುವುದು ಆ ಪರಿವರ್ತನೆಗೆ ಮುಂಚಿನ ಕೊಲೆಕ್ಯಾಲ್ಸಿಫೆರಾಲ್. ಪರಿವರ್ತನೆ ಎಷ್ಟಾಗಬೇಕೆಂಬುದನ್ನು ದೇಹವೇ ಹಿಡಿತದಲ್ಲಿಡುತ್ತದೆ, ಆದ್ದರಿಂದ ನುಂಗಿದಷ್ಟೂ ಅದು ಗಡ್ಡೆಯ ಮೇಲೆ ಹೋಗಿ ಬೀಳುವುದಿಲ್ಲ.

ಇನ್ನೊಂದು ತೊಡಕಿದೆ. ಬೊಜ್ಜು ಹೆಚ್ಚಿದ್ದವರ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಕಾಣುತ್ತದೆ, ಬೊಜ್ಜಿಗೂ ಫೈಬ್ರಾಯ್ಡಿಗೂ ನಂಟಿದೆ ಎನ್ನುವ ಅಧ್ಯಯನಗಳೂ ಇವೆ. ಹೀಗಿರುವಾಗ ಎರಡು ಸಂಗತಿಗಳು ಒಟ್ಟಿಗೆ ಕಂಡವೆಂದು ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಡೆಟ್ರಾಯಿಟ್ ನಗರದ ಯುವತಿಯರನ್ನು ವರ್ಷಗಟ್ಟಲೆ ಸ್ಕ್ಯಾನ್ ಮಾಡುತ್ತ ಹಿಂಬಾಲಿಸಿದ ಅಧ್ಯಯನದಲ್ಲಿ, 20 ನ್ಯಾನೊಗ್ರಾಂ ದಾಟಿದವರ ಗಡ್ಡೆಗಳು ಬೆಳೆಯುವ ವೇಗ ಸುಮಾರು ಶೇ. 10ರಷ್ಟು ತಗ್ಗಿತ್ತು. ಬೆಳವಣಿಗೆ ನಿಧಾನವಾಗುವುದು ಒಂದು, ಗಡ್ಡೆ ಕರಗುವುದು ಮತ್ತೊಂದು.

ಹಾಗೆಂದು ಮಾತ್ರೆ ಬೇಡವೆನ್ನುತ್ತಿಲ್ಲ. 14 ಎಂಬುದು ಕೊರತೆಯೇ. ಮೂಳೆಗಳ ಸಲುವಾಗಿಯಾದರೂ ವೈದ್ಯರು ಹೇಳಿದ 8 ವಾರಗಳನ್ನು ಪೂರ್ತಿ ಮಾಡಿ. ಆದರೆ ವಾರಕ್ಕೆ 60,000 ಎಂದರೆ ದಿನಕ್ಕೆ 8,500ಕ್ಕೂ ಹೆಚ್ಚು ಯೂನಿಟ್. ವಯಸ್ಕರ ನಿತ್ಯದ ಅಗತ್ಯ ಸುಮಾರು 600, ವೈದ್ಯರ ನಿಗಾ ಇಲ್ಲದೆ ದಾಟಬಾರದೆನ್ನುವ ಮಿತಿ 4,000. ಕೊಬ್ಬಿನಲ್ಲಿ ಕೂಡಿಡುವ ಈ ವಿಟಮಿನ್ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಮಲಬದ್ಧತೆಯಿಂದ ಹಿಡಿದು ಮೂತ್ರಪಿಂಡದ ಹಾನಿಯವರೆಗೆ ತೊಂದರೆಯಾದೀತು.

ಆಪರೇಷನ್ ಬೇಕೇ ಬೇಡವೇ ಎಂಬುದನ್ನು 4 ಸೆಂ.ಮೀ. ಎಂಬ ಅಳತೆಯೊಂದೇ ತೀರ್ಮಾನಿಸುವುದಿಲ್ಲ. ಗರ್ಭಕೋಶದ ಹೊರಮೈಯಲ್ಲಿರುವ ದೊಡ್ಡ ಗಡ್ಡೆ ಸುಮ್ಮನಿರಬಹುದು, ಒಳಪದರಕ್ಕೆ ತಾಗಿದ ಸಣ್ಣದು ವಿಪರೀತ ರಕ್ತ ಹರಿಸಬಹುದು. ತೊಂದರೆ ಕೊಡದ ಗಡ್ಡೆಯನ್ನು ಆಗಾಗ ನೋಡುತ್ತಿದ್ದರೆ ಸಾಕು. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಅದು ತಾನೇ ಕುಗ್ಗುತ್ತದೆ. ರಕ್ತಸ್ರಾವಕ್ಕೆ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇರಿಸುವ ಹಾರ್ಮೋನ್ ಸಾಧನವಿದೆ, ಗರ್ಭಕೋಶ ಉಳಿಸಿಕೊಂಡು ಗಡ್ಡೆಯಷ್ಟನ್ನೇ ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ. ಗಡ್ಡೆ ಎಲ್ಲಿದೆಯೆಂದು ಮುಂದಿನ ಭೇಟಿಯಲ್ಲಿ ಕೇಳಿ.

ಪತ್ರದಲ್ಲಿ ನನಗೆ ಕಳವಳ ತಂದದ್ದು ವಿಟಮಿನ್ನಿನ ಅಂಕಿಯಲ್ಲ, ನೀವು ಕೊನೆಗೆ ಸೇರಿಸಿದ ಸಾಲು: ಮುಟ್ಟಿನ ದಿನಗಳಲ್ಲಿ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂಬುದು. ನೀವು ಲಗತ್ತಿಸಿದ ವರದಿಗಳಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಕಾಣಲಿಲ್ಲ. ಮಾಡಿಸಿಲ್ಲವಾದರೆ, ಎಂಟನೆಯ ವಾರಕ್ಕೆ ಕಾಯದೆ ಈ ವಾರವೇ ಮಾಡಿಸಿ, ವರದಿಯೊಂದಿಗೆ ಸ್ತ್ರೀರೋಗ ತಜ್ಞರನ್ನು ಕಾಣಿ.

— ಸಂ.