ಒಂದೇ ಮಾತ್ರೆ, ಎರಡು ಲೆಕ್ಕ

ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ಏಳು ವರ್ಷದ ಮಗಳಿಗೆ ರಾತ್ರಿ ಹೊತ್ತು ಗುದದ ಹತ್ತಿರ ವಿಪರೀತ ತುರಿಕೆ. ಡಾಕ್ಟರು ಜಂತುಹುಳು ಎಂದು 400 ಮಿ.ಗ್ರಾಂ. ಆಲ್ಬೆಂಡಜೋಲ್ ಮಾತ್ರೆ ಒಂದೇ ಒಂದು ಕೊಟ್ಟರು. ನನ್ನ ತಮ್ಮನಿಗೆ ಮೆದುಳಲ್ಲಿ ಹುಳುವಿನ ಗುಳ್ಳೆ ಆಗಿತ್ತು. ಅವನು ಇದೇ ಮಾತ್ರೆಯನ್ನು ದಿನಕ್ಕೆರಡರಂತೆ, ಜಿಡ್ಡಿನ ಊಟದ ಜೊತೆ, ವಾರಗಟ್ಟಲೆ ತಗೊಂಡ. ಅವನಲ್ಲಿ ಉಳಿದದ್ದನ್ನು ಮನೆಮಂದಿಯೆಲ್ಲ ಒಂದು ವಾರ ನುಂಗಿದರೆ ಹುಳು ಪೂರ್ತಿ ಹೋಗುತ್ತಲ್ವಾ? ತಮ್ಮನ ಹೆಂಡತಿ ಈಗ ಗರ್ಭಿಣಿ, ಅವಳೂ ತಗೋಬಹುದಾ?"

ದಯವಿಟ್ಟು ಹಾಗೆ ಮಾಡಬೇಡಿ. ಮಾತ್ರೆ ಒಂದೇ, ಆದರೆ ಹುಳು ಎಲ್ಲಿದೆ ಅನ್ನುವುದರ ಮೇಲೆ ಅದರ ಲೆಕ್ಕವೇ ಬದಲಾಗುತ್ತದೆ.

ಮಗಳ ಹುಳು ಇರುವುದು ಕರುಳಲ್ಲಿ. ಔಷಧಿ ಅಲ್ಲಿಗೆ ನೇರವಾಗಿ ಹೋಗಿ ಮುಟ್ಟುತ್ತದೆ. ಹುಳು ಸಕ್ಕರೆ ಹೀರಿಕೊಳ್ಳುವುದನ್ನು ತಡೆದು ಅದನ್ನು ಉಪವಾಸ ಕೆಡವುತ್ತದೆ. ಇದಕ್ಕೆ ಕೆಲವು ದಿನ ಬೇಕು, ಹಾಗಾಗಿ ಮರುದಿನವೇ ಮಲದಲ್ಲಿ ಹುಳು ಕಾಣಲಿಲ್ಲ ಎಂದು ಗಾಬರಿಯಾಗಬೇಡಿ. ಈ ಕೆಲಸಕ್ಕೆ ಔಷಧಿ ರಕ್ತಕ್ಕೆ ಸೇರಬೇಕಿಲ್ಲ. ತಮ್ಮನ ವಿಷಯ ಬೇರೆ. ಔಷಧಿ ರಕ್ತಕ್ಕೆ ಸೇರಿ ಮೆದುಳು ತಲುಪಬೇಕು. ಆಲ್ಬೆಂಡಜೋಲ್ ಸುಮ್ನೆ ನುಂಗಿದರೆ ರಕ್ತಕ್ಕೆ ಹೋಗುವುದು ತೀರಾ ಕಡಿಮೆ. ಜಿಡ್ಡಿನ ಊಟದ ಜೊತೆಯಾದರೆ ಐದು ಪಟ್ಟಿನವರೆಗೂ ಜಾಸ್ತಿಯಾಗುತ್ತದೆ. ಅವರಿಗೆ ಹಾಗೆ ಹೇಳಿದ್ದು ಅದಕ್ಕೇ.

ರಕ್ತಕ್ಕೆ ಜಾಸ್ತಿ ಹೋದರೆ ಕಣ್ಣಿಡಬೇಕಾದ್ದೂ ಜಾಸ್ತಿ. ದೀರ್ಘ ಚಿಕಿತ್ಸೆಯಲ್ಲಿ ಲಿವರ್ ಏರುಪೇರಾಗಬಹುದು, ಬಿಳಿ ರಕ್ತಕಣ ಇಳಿಯಬಹುದು. ಅದಕ್ಕೆ ಎರಡು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಕೂದಲೂ ಉದುರಬಹುದು, ಅದು ಮತ್ತೆ ಬರುತ್ತದೆ ಬಿಡಿ. ತಮ್ಮನಿಗೆ ಸ್ಟೀರಾಯ್ಡ್ ಮಾತ್ರೆಯನ್ನೂ ಕೊಟ್ಟಿರಬೇಕಲ್ವಾ? ಗುಳ್ಳೆಯೊಳಗಿನ ಹುಳು ಸಾಯುವಾಗ ಸುತ್ತಲಿನ ಮೆದುಳು ಊದಿಕೊಳ್ಳುತ್ತದೆ, ಫಿಟ್ಸ್ ಬರಬಹುದು. ಆ ಊತ ಹಿಡಿದಿಡಲು ಸ್ಟೀರಾಯ್ಡ್.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಭಯವಾದದ್ದು ಇಲ್ಲೇ. ಮೆದುಳಿನ ಗುಳ್ಳೆ ಬರುವುದು ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋದಾಗ. ಆ ಮೊಟ್ಟೆ ಬರುವುದು ಹೊಟ್ಟೆಯಲ್ಲಿ ಲಾಡಿಹುಳು ಇರುವ ಮನುಷ್ಯರ ಮಲದಿಂದ. ಅಂಥವರು ಎಷ್ಟೋ ಸಲ ಅದೇ ಮನೆಯಲ್ಲಿರುತ್ತಾರೆ. ಅಂದರೆ ನಿಮ್ಮಲ್ಲಿ ಇನ್ನೊಬ್ಬರಿಗೂ ಸದ್ದಿಲ್ಲದ ಗುಳ್ಳೆ ಇರಬಹುದು. ಅವರು ಸ್ಟೀರಾಯ್ಡ್ ಇಲ್ಲದೆ ಒಂದು ವಾರ ಇದೇ ಮಾತ್ರೆ ನುಂಗಿದರೆ, ಚೆನ್ನಾಗಿದ್ದವರಿಗೆ ಫಿಟ್ಸ್ ತಂದುಕೊಂಡಂತೆ. ಮನೆಯವರೆಲ್ಲರ ಮಲ ಪರೀಕ್ಷೆ ಮಾಡಿಸಬೇಕೇ ಎಂದು ತಮ್ಮನ ಡಾಕ್ಟರನ್ನು ಕೇಳಿ. ಯಾರಿಗಾದರೂ ಹಿಂದೆ ಫಿಟ್ಸ್ ಬಂದಿದ್ದರೆ, ಬಿಡದ ತಲೆನೋವಿದ್ದರೆ, ಜಂತುಹುಳುವಿನ ಒಂದು ಮಾತ್ರೆಗೂ ಮೊದಲು ಅದನ್ನು ಹೇಳಿ.

ಇನ್ನು ಮಗಳ ತುರಿಕೆ. ದಾರದ ತುಂಡಿನಂಥ ಪುಟ್ಟ ಬಿಳಿ ಹುಳು ರಾತ್ರಿ ಹೊರಬಂದು ಗುದದ ಸುತ್ತ ಮೊಟ್ಟೆ ಇಡುತ್ತದೆ. ಮಗು ಕೆರೆದುಕೊಂಡರೆ ಮೊಟ್ಟೆ ಉಗುರಿನ ಸಂದಿಗೆ, ಅಲ್ಲಿಂದ ಬಾಯಿಗೆ. ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಆದರೆ ಮೊಟ್ಟೆಯನ್ನೂ ಕೊಲ್ಲುತ್ತದೆ ಎಂದು ನಂಬುವಂತಿಲ್ಲ. ಅದಕ್ಕೆ ಎರಡು ವಾರ ಬಿಟ್ಟು ಇನ್ನೊಂದು ಡೋಸ್ ಬೇಕಾಗುತ್ತದೆ. ನಿಮ್ಮ ಡಾಕ್ಟರು ಹೇಳಿರದಿದ್ದರೆ ಕೇಳಿ. ಒಂದು ವಾರ ಬಿಡದೆ ನುಂಗಿದರೂ ಈ ಎರಡನೇ ಡೋಸಿನ ಕೆಲಸ ಆಗುವುದಿಲ್ಲ. ಮನೆಯವರಿಗೂ ಮಾತ್ರೆ ಬೇಕು ಎಂದು ಡಾಕ್ಟರು ಹೇಳಿದರೆ ಎಲ್ಲರೂ ಒಂದೇ ದಿನ ತಗೊಳ್ಳಿ. ಉಗುರು ಗಿಡ್ಡ ಇರಲಿ. ಬೆಳಿಗ್ಗೆ ಎದ್ದ ಕೂಡಲೇ ಸ್ನಾನ, ಒಳಚಡ್ಡಿ ಬದಲಾವಣೆ. ಹಾಸಿಗೆ ಬಟ್ಟೆ ಕೊಡವಬೇಡಿ, ಮೊಟ್ಟೆ ಹಾರುತ್ತದೆ. ಮಡಚಿ ಒಯ್ದು ಬಿಸಿನೀರಲ್ಲಿ ಒಗೆಯಿರಿ.

ಮನೆಯಲ್ಲಿ ಇನ್ನೂ ಚಿಕ್ಕ ಮಕ್ಕಳಿದ್ದರೆ: ಒಂದರಿಂದ ಎರಡು ವರ್ಷದವರಿಗೆ ಸಾಮಾನ್ಯವಾಗಿ 200 ಮಿ.ಗ್ರಾಂ., ಅಂದರೆ ಅರ್ಧ ಮಾತ್ರೆ. ಚೆನ್ನಾಗಿ ಪುಡಿ ಮಾಡಿ ನೀರಲ್ಲಿ ಕದಡಿ ಕುಡಿಸಬೇಕು. ಅಳುವ ಮಗುವಿನ ಮೂಗು ಹಿಡಿದು ಮಾತ್ರೆ ತುರುಕಿದರೆ ಅದು ಗಂಟಲಲ್ಲಿ ಸಿಕ್ಕಿಕೊಂಡು ಜೀವಕ್ಕೇ ಅಪಾಯವಾಗಬಹುದು. ಅಳು ನಿಲ್ಲುವವರೆಗೆ ಕಾಯಿರಿ.

ತಮ್ಮನ ಹೆಂಡತಿ ಈ ಮಾತ್ರೆಯನ್ನು ತಾವಾಗಿಯೇ ತಗೊಳ್ಳುವುದು ಬೇಡ. ಮೊದಲ ಮೂರು ತಿಂಗಳಲ್ಲಂತೂ ಮುಟ್ಟಲೇಬಾರದು, ಆಮೇಲೂ ಡಾಕ್ಟರು ಹೇಳಿದರೆ ಮಾತ್ರ. ಮನೆಯಲ್ಲಿ ಜಂತುಹುಳು ಇದೆ, ಗಂಡನಿಗೆ ಮೆದುಳಿನ ಗುಳ್ಳೆ ಆಗಿತ್ತು, ಈ ಎರಡನ್ನೂ ಅವರು ಮುಂದಿನ ತಪಾಸಣೆಯಲ್ಲಿ ತಮ್ಮ ಡಾಕ್ಟರಿಗೆ ಹೇಳಲಿ. ಮಗಳ ಹಾಸಿಗೆ ಬಟ್ಟೆ ಒಗೆಯುವ ಕೆಲಸವನ್ನು ಸದ್ಯಕ್ಕೆ ಬೇರೆ ಯಾರಾದರೂ ವಹಿಸಿಕೊಳ್ಳಿ.