ಮನೆಯವರ ಫೋನನ್ನು ಅವರಿಗೆ ತಿಳಿಯದಂತೆ ಗಮನಿಸಬಹುದೇ?

ಹದಿನಾಲ್ಕರ ಮಗಳ ಫೋನಿನಲ್ಲಿ ಗುಟ್ಟಾಗಿ ನಿಗಾ ಆ್ಯಪ್ ಹಾಕಬಹುದೇ, ಪತಿಯ ಫೋನಿನಲ್ಲೂ ಹಾಕಿದರೆ ತಪ್ಪೇನು ಎಂದು ಕೇಳಿದ್ದೀರಿ. ಇವೆರಡಕ್ಕೂ ಒಂದೇ ಉತ್ತರವಿಲ್ಲ.

ಪತಿಯ ವಿಷಯದಲ್ಲಿ ನನ್ನ ಉತ್ತರ ನೇರವಾಗಿದೆ: ಹಾಕಬಾರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅನುಮತಿಯಿಲ್ಲದೆ ಇನ್ನೊಬ್ಬರ ಸಾಧನದೊಳಗೆ ಪ್ರವೇಶಿಸುವುದನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ನಿಷೇಧಿಸುತ್ತದೆ, ಅದರಲ್ಲಿ ದಂಪತಿಗಳಿಗೆಂದು ವಿನಾಯಿತಿಯೇನೂ ಇಲ್ಲ. ಗುಟ್ಟಾಗಿ ಧ್ವನಿಮುದ್ರಿಸಿದ ಗಂಡ-ಹೆಂಡಿರ ಸಂಭಾಷಣೆಯನ್ನು ದಾಂಪತ್ಯ ಮೊಕದ್ದಮೆಗಳಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಿರುವುದು ನಿಜ. ಆದರೆ ಸಾಕ್ಷ್ಯವಾಗಿ ಒಪ್ಪಿತವಾಗುವುದು ಬೇರೆ, ಹಾಗೆ ಮಾಡುವುದು ಸರಿಯೆನಿಸುವುದು ಬೇರೆ. (ಪಾಸ್‌ವರ್ಡ್ ಗೊತ್ತಿದೆ ಎಂಬುದನ್ನೇ ಅನುಮತಿಯೆಂದು ಭಾವಿಸುವವರು ನಮ್ಮಲ್ಲಿ ಬಹಳ.)

ಮಗಳಿಗೆ ಸಂಬಂಧಿಸಿದಂತೆ ನಿಮಗೆ ಹೊಣೆಯೂ ಇದೆ, ಅಧಿಕಾರವೂ ಇದೆ. ಹಾಗೆಂದು ಗುಟ್ಟು ಬೇಕಾಗಿಲ್ಲ. ಗೂಗಲ್‌ನ ಫ್ಯಾಮಿಲಿ ಲಿಂಕ್‌ನಂಥ ವ್ಯವಸ್ಥೆಯು ಫೋನ್ ಬಳಕೆಯ ಅವಧಿ, ಆ್ಯಪ್‌ಗಳು, ಇರುವ ಸ್ಥಳ ಇವನ್ನು ತೋರಿಸುತ್ತದೆಯೇ ಹೊರತು ಸಂದೇಶಗಳನ್ನು ಓದಿಸುವುದಿಲ್ಲ, ಮತ್ತು ನಿಗಾ ಇರುವುದು ಮಗುವಿಗೂ ತಿಳಿದಿರುತ್ತದೆ. ಅಪರಿಚಿತರಿಂದ ಬೆದರಿಕೆ ಅಥವಾ ಲೈಂಗಿಕ ಶೋಷಣೆಯ ಸ್ಪಷ್ಟ ಸುಳಿವು ಸಿಕ್ಕಾಗ ಮಾತ್ರ ಸಂದೇಶಗಳನ್ನು ನೋಡುವುದು ಸಮರ್ಥನೀಯ; ಆಗಲೂ ನೋಡಿದ್ದೇವೆಂದು ಅವಳಿಗೆ ಹೇಳಬೇಕು, ಅಗತ್ಯವಿದ್ದರೆ 1098 ಮಕ್ಕಳ ಸಹಾಯವಾಣಿಗೆ ಅಥವಾ 1930 ಸೈಬರ್ ಸಹಾಯವಾಣಿಗೆ ಕರೆ ಮಾಡಬೇಕು. ಅವಳು ಬೆಳೆದಂತೆ ಈ ನಿಗಾವನ್ನು ಹಂತಹಂತವಾಗಿ ಸಡಿಲಿಸುತ್ತ, ಹದಿನೆಂಟು ತುಂಬುವ ಹೊತ್ತಿಗೆ ಪೂರ್ತಿ ತೆಗೆದುಬಿಡಿ.