ಹತ್ತುವ ಹಸುವೋ, ನಿಲ್ಲುವ ಹಸುವೋ?

ಪ್ರಶ್ನೆ: ನಮ್ಮಲ್ಲಿ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳಿವೆ. ಬಯಲಿಗೆ ಬಿಟ್ಟಾಗ ಕರಿ ಹಸು ಮಚ್ಚೆ ಹಸುವಿನ ಮೇಲೆ ಹತ್ತುತ್ತದೆ. ಬೆದೆಗೆ ಬಂದಿದೆಯೆಂದು ಕರಿ ಹಸುವಿಗೆ ಎರಡು ಬಾರಿ ಕೃತಕ ಗರ್ಭಧಾರಣೆ ಮಾಡಿಸಿದೆವು. ಗಬ್ಬ ನಿಂತಂತೆ ಕಾಣುತ್ತಿಲ್ಲ. ಕಾರಣವೇನು?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಬೆದೆಯ ಖಚಿತ ಗುರುತು ಸಿಗುವುದು ಕೆಳಗಿರುವ ಹಸುವಿನಲ್ಲಿ. ಇನ್ನೊಂದು ಹಸು ಮೇಲೇರಿದಾಗ ಮುಂದಕ್ಕೆ ಸರಿಯದೆ, ತಿರುಗಿ ಹಾಯದೆ, ಅಲುಗದೆ ನಿಲ್ಲುವ ಹಸುವೇ ಬೆದೆಯಲ್ಲಿದೆ. ಹತ್ತುವ ಹಸು ಬೆದೆಗೆ ಬರುತ್ತಿರಬಹುದು, ಬೆದೆ ಮುಗಿಸಿರಬಹುದು, ಅಂಡಾಶಯದಲ್ಲಿ ನೀರುಗುಳ್ಳೆಯಾಗಿ ಪದೇಪದೇ ಹತ್ತುತ್ತಿರಬಹುದು. ಕೆಲವೊಮ್ಮೆ ಗಬ್ಬದ ಹಸುವೂ ಹತ್ತುವುದುಂಟು. ಗಬ್ಬದ ಹಸುವಿಗೆ ಮತ್ತೆ ಗರ್ಭಧಾರಣೆ ಮಾಡಿಸಿದರೆ ಅದು ಕಂದು ಹಾಕುವ (ಗರ್ಭಪಾತವಾಗುವ) ಅಪಾಯವಿರುವುದರಿಂದ, ಮೂರನೆಯ ಬಾರಿಗೆ ಮೊದಲು ಪಶುವೈದ್ಯರಿಂದ ಕರಿ ಹಸುವಿನ ಗರ್ಭ ಪರೀಕ್ಷೆ ಮಾಡಿಸಿಕೊಳ್ಳಿ. ಮಚ್ಚೆ ಹಸು ಅಲುಗದೆ ನಿಂತಿದ್ದರೆ, ಬೆದೆ ಅದರದ್ದೇ ಆಗಿತ್ತು.

ನಿಲ್ಲುವ ಬೆದೆ ಸಾಮಾನ್ಯವಾಗಿ 12ರಿಂದ 18 ಗಂಟೆ ಇರುತ್ತದೆ; ಅಂಡ ಬಿಡುಗಡೆಯಾಗುವುದು ಅದು ಮುಗಿದು ಸುಮಾರು 10–12 ಗಂಟೆಗಳ ಮೇಲೆ. ಆದ್ದರಿಂದಲೇ ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸುವ ರೂಢಿ ಬಂದಿದೆ. ತೊಂದರೆಯೆಂದರೆ, ಹತ್ತಾಟ ಹೆಚ್ಚಾಗಿ ನಡೆಯುವುದು ರಾತ್ರಿ ಮತ್ತು ನಸುಕಿನಲ್ಲಿ. ನಮ್ಮ ಹಸುಗಳೋ ಆ ಹೊತ್ತಿನಲ್ಲಿ ಗೂಟಕ್ಕೆ ಕಟ್ಟಿಕೊಂಡಿರುತ್ತವೆ, ಅದೂ ಕಾಲು ಜಾರುವ ಸಿಮೆಂಟ್ ನೆಲದ ಮೇಲೆ. ಬೆಳಗ್ಗೆ, ಸಂಜೆ ಅರ್ಧ ಗಂಟೆ ಮಣ್ಣಿನ ಅಂಗಳದಲ್ಲಿ ಬಿಟ್ಟು, ಮೇವು ಹಾಕದೆ ಸುಮ್ಮನೆ ನೋಡಿ. ಹತ್ತಾಟ ಕಣ್ಣಿಗೆ ಬೀಳದಿದ್ದರೂ ಬಾಲದ ಬುಡದ ಕೂದಲು ಕೆದರಿರುವುದು, ಪಕ್ಕೆಯ ಮೇಲೆ ಗೊರಸಿನ ಕೆಸರು ಮೆತ್ತಿರುವುದು, ಮೊಟ್ಟೆಯ ಬಿಳಿಯಂತಹ ತಿಳಿ ಲೋಳೆ ಎಳೆಯಾಗಿ ಇಳಿದು ಬಾಲಕ್ಕೆ ಅಂಟಿರುವುದು ರಾತ್ರಿಯ ಸಂಗತಿಯನ್ನು ತಿಳಿಸುತ್ತವೆ. ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ; ಬೆದೆಯ ಚಕ್ರ ಸುಮಾರು 21 ದಿನಗಳದ್ದಾದ್ದರಿಂದ 18ನೆಯ ದಿನದಿಂದಲೇ ನಿಗಾ ಇಡಿ.

ಪ್ರಶ್ನೆ: ನಮ್ಮ ಪಡ್ಡೆಯ (ಇನ್ನೂ ಕರು ಹಾಕದ ಎಳೆ ಹಸುವಿನ) ಬಾಲದಲ್ಲಿ ರಕ್ತ ಕಂಡಿತು. ಈಗ ಗರ್ಭಧಾರಣೆ ಮಾಡಿಸಬಹುದೇ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಬೇಡ. ಬೆದೆ ಮುಗಿದು ಒಂದರಿಂದ ಮೂರು ದಿನಗಳೊಳಗೆ ಹೀಗೆ ಸ್ವಲ್ಪ ರಕ್ತ ಕಾಣುವುದು ಸಹಜ, ಪಡ್ಡೆಗಳಲ್ಲಂತೂ ಹೆಚ್ಚು. ಇದು ಗಬ್ಬ ನಿಂತ ಸೂಚನೆಯೂ ಅಲ್ಲ, ನಿಲ್ಲದ ಸೂಚನೆಯೂ ಅಲ್ಲ. ರಕ್ತ ಕಂಡ ದಿನದಿಂದ ಎಣಿಸಿ, 16ನೆಯ ದಿನದ ಹೊತ್ತಿಗೆ ಮುಂದಿನ ಬೆದೆಗಾಗಿ ಕಾಯತೊಡಗಿ. ರಕ್ತಸ್ರಾವ ನಿಲ್ಲದೆ ಮುಂದುವರಿದರೆ ಅಥವಾ ದುರ್ವಾಸನೆ ಬಂದರೆ ಮಾತ್ರ ವೈದ್ಯರಿಗೆ ತೋರಿಸಿ.